ನಲವತ್ತೈದು ದಾಟಿದ ಮೇಲೆ ಮತ್ತೆ ಸೈಕಲ್: ಮೊದಲು ಮಂಡಿಯನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ

ಪಿಯುಸಿ ಮುಗಿದ ವರ್ಷ, 1995ರಲ್ಲಿ, ನನ್ನ ಲೇಡಿಬರ್ಡ್ ಸೈಕಲ್ಲನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟೆ. ಮತ್ತೆ ಸೈಕಲ್ ಹತ್ತಿದ್ದು 46ನೇ ವಯಸ್ಸಿನಲ್ಲಿ, ಮೈಸೂರಿನ ನಮ್ಮ ಬಡಾವಣೆಯ ರಸ್ತೆಯಲ್ಲಿ. ಬ್ಯಾಲೆನ್ಸ್ ಮಾತ್ರ ಹಾಗೇ ಇತ್ತು, ಎರಡು ತುಳಿತಕ್ಕೆ ವಾಪಸ್ ಬಂತು. ಆದರೆ ಮಂಡಿ, ಸೊಂಟ, ಕುತ್ತಿಗೆ ಯಾವುದೂ ಆಗಿನದಲ್ಲ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸೈಕಲ್ ಕೊಂಡಿದ್ದೆ.

ದಪ್ಪ ಟೈರು, ಮುಂದೆ ಹಿಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್, 21 ಗೇರು. ಅಂಗಡಿಯವರು ‘ನಮ್ಮ ರಸ್ತೆಗೆ ಇದೇ ಸರಿ ಮೇಡಂ, ಗುಂಡಿ ಗೊತ್ತೇ ಆಗಲ್ಲ’ ಎಂದರು, ನಾನೂ ಒಪ್ಪಿದೆ. ಮೂರನೇ ವಾರಕ್ಕೆ ಮಂಡಿ ಚಿಪ್ಪಿನ ಮುಂದೆ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ‘ಈ ವಯಸ್ಸಲ್ಲಿ ಸೈಕಲ್ ಯಾಕೆ ಬೇಕಿತ್ತು’ ಎಂದು ಮನೆಯಲ್ಲಿ ಎಲ್ಲರೂ ಅಂದರು. ನಾಲ್ಕು ತಿಂಗಳು ಆ ಸೈಕಲ್ ಪೋರ್ಟಿಕೋದಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಪಕ್ಕ ನಿಂತಿತ್ತು.

ಗಾಳಿ ಹೊಡೆಸಲು ಒಂದು ದಿನ ಮೂಲೆಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ರಿಪೇರಿ ಮಾಡುವವರು ಸೀಟನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ‘ಅಕ್ಕಾ, ಗೋಡೆ ಹಿಡ್ಕೊಂಡು ಹತ್ತಿ. ಹಿಮ್ಮಡಿ ಪೆಡಲ್ ಮೇಲೆ ಇಡಿ, ಪೆಡಲ್ ಪೂರ್ತಿ ಕೆಳಗೆ ಬಿಡಿ’ ಎಂದರು. ನನ್ನ ಮಂಡಿ ಆಗಲೂ ಚೆನ್ನಾಗಿ ಮಡಚಿಕೊಂಡೇ ಇತ್ತು. ಸ್ಪ್ಯಾನರ್ ಹಾಕಿ ಸೀಟು ಎತ್ತಿದರು, ಮತ್ತೆ ಹತ್ತಿಸಿದರು, ಮತ್ತೆ ಎತ್ತಿದರು. ಎಲ್ಲ ಸೇರಿ ಸುಮಾರು ಎರಡೂವರೆ ಇಂಚು. ಹತ್ತು ದಿನ ಬಿಟ್ಟು ಮೆಲ್ಲಗೆ ತುಳಿಯಲು ಶುರು ಮಾಡಿದೆ. ಚಿಪ್ಪಿನ ನೋವು ಮತ್ತೆ ಬರಲಿಲ್ಲ. ಆ ಸೈಕಲ್ಲಿನ ಭಾರ ಮಾತ್ರ ಹಾಗೇ ಉಳಿಯಿತು, ಅದನ್ನು ಆಮೇಲೆ ಮಾರಿದೆ. ಆಗ ಕಲಿತದ್ದನ್ನು, ಕೊಳ್ಳುವ ಮೊದಲು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಡಾಕ್ಟರಿಗೆ ತೋರಿಸಿ, ಸೈಕಲ್ ಎರವಲು ತನ್ನಿ

ಬಿ.ಪಿ., ಶುಗರ್, ಹೃದಯದ ತೊಂದರೆ ಇದ್ದರೆ, ಅಥವಾ ಮೆಟ್ಟಿಲು ಹತ್ತಿದಾಗ ಎದೆ ಬಿಗಿದ ಹಾಗೆ ಆಗುತ್ತಿದ್ದರೆ, ಡಾಕ್ಟರಿಗೆ ತೋರಿಸಿದ ಮೇಲೆಯೇ ಸೈಕಲ್. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಮಾತು ಕೇಳಲೇಬೇಕು: ವ್ಯಾಯಾಮ ಮಾಡುವ ದಿನ ಮಾತ್ರೆ, ಊಟದ ಹೊತ್ತು ಬದಲಾಗಬೇಕಾ? ಸೈಕಲ್ ತುಳಿದಾಗ ಶುಗರ್ ಇಳಿಯುತ್ತದೆ, ದಾರಿಯಲ್ಲಿ ಕೈ ನಡುಗಿದರೆ ಕಷ್ಟ. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ.

ಮುಟ್ಟು ನಿಲ್ಲುವ ವಯಸ್ಸಿನ ನನ್ನಂಥ ಹೆಂಗಸರಿಗೆ ಇನ್ನೊಂದು ವಿಷಯ. ಸೈಕಲ್ಲಿನಿಂದ ಹೃದಯಕ್ಕೆ, ಉಸಿರಿಗೆ, ತೊಡೆಗೆ ಒಳ್ಳೆಯದು, ಮಂಡಿಯ ಮೇಲೂ ಭಾರ ಕಡಿಮೆ. ಆದರೆ ಮೈ ಭಾರ ಸೀಟಿನ ಮೇಲಿರುವುದರಿಂದ ಮೂಳೆ ಗಟ್ಟಿಯಾಗಲು ಅದೊಂದೇ ಸಾಲದು. ನಡಿಗೆ, ಮೆಟ್ಟಿಲು, ಸ್ವಲ್ಪ ಭಾರ ಎತ್ತುವುದು ಜೊತೆಗೆ ಇರಲಿ.

ಇನ್ನು ಸೈಕಲ್. ಮೊದಲ ಮೂರು ವಾರ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಮಕ್ಕಳದ್ದೋ, ಪಕ್ಕದ ಮನೆಯವರದ್ದೋ, ಬಾಡಿಗೆಯದೋ, ಯಾವುದಾದರೂ ತೆಗೆದುಕೊಂಡು ತುಳಿಯಿರಿ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ ನನ್ನ ವಯಸ್ಸಿನ ಎಷ್ಟೋ ಜನ ಅದರಲ್ಲೇ ಮತ್ತೆ ಪೆಡಲ್ ಮುಟ್ಟಿದ್ದರು. ನಾನೂ ಆಗ ಅದೇ ಮಾಡಿದ್ದರೆ ದುಡ್ಡೂ ಮಂಡಿಯೂ ಉಳಿಯುತ್ತಿತ್ತು.

ಈ ಮೂರು ವಾರದಲ್ಲಿ ಒಂದು ದಿನ ಬಿಟ್ಟು ಒಂದು ದಿನ 20 ನಿಮಿಷ ಸಾಕು. ಬೆಳಿಗ್ಗೆ ಟ್ರಾಫಿಕ್ ಏಳುವ ಮುಂಚೆ ಹೊರಡಿ. ಮೈದಾನವೋ ಖಾಲಿ ರಸ್ತೆಯೋ ಸಿಕ್ಕರೆ ನಾಲ್ಕು ಸಂಗತಿ ಅಭ್ಯಾಸ ಮಾಡಿ: ಹ್ಯಾಂಡಲ್ ಅಲುಗದೆ ಹಿಂದೆ ತಿರುಗಿ ನೋಡುವುದು, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದು, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲುವುದು, ನಡೆಯುವಷ್ಟೇ ನಿಧಾನವಾಗಿ ಕಾಲೂರದೆ ಹೋಗುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಸಂತೆಯ ಹತ್ತಿರ ಜನರ ನಡುವೆ ಹೋಗುವಾಗ ಬೇಕಾಗುವುದೂ ಅದೇ.

ಎರಡನೆಯದು: ನೀವು ನಿಜವಾಗಿ ಹೋಗುವ ದಾರಿ ಯಾವುದು?

ಮೂರು ವಾರ ಆದ ಮೇಲೆ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲೆಲ್ಲಿ ಹೋದಿರಿ? ಎಷ್ಟು ದೂರ? ಏರು ಇತ್ತಾ? ತರಕಾರಿ ತಂದಿರಾ? ಲಡಾಖಿಗೆ ಹೋಗುವ ಕನಸು ಇರಬಹುದು, ಇರಲಿ. ಆದರೆ ಸೈಕಲ್ ಕೊಳ್ಳಬೇಕಾದ್ದು ವಾರಕ್ಕೆ ನಾಲ್ಕು ದಿನ ಹೋಗುವ ದಾರಿಗೆ.

ರಾಯಚೂರು, ವಿಜಯಪುರದಂಥ ಬಯಲು ಊರಿನಲ್ಲಿ ಮೂರು-ನಾಲ್ಕು ಕಿಲೋಮೀಟರ್ ಓಡಾಟಕ್ಕೆ ಗೇರೇ ಬೇಡ. ನೇರ ಕೂತು ತುಳಿಯುವ ಸಾದಾ ಸೈಕಲ್ ಸಾಕು. ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್ ಎಲ್ಲ ಅದರಲ್ಲೇ ಬರುತ್ತದೆ, ಯಾವ ಹಳ್ಳಿಯಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ಸುಮಾರು 6ರಿಂದ 10 ಸಾವಿರದೊಳಗೆ ಸಿಗುತ್ತದೆ.

ಬೆಂಗಳೂರು, ಮೈಸೂರು, ಧಾರವಾಡದಂಥ ಕಡೆ ಪ್ರತಿ ದಾರಿಯಲ್ಲೂ ಒಂದು ಏರು, ಒಂದು ಇಳಿಜಾರು ಇದ್ದೇ ಇದೆ. ಅಲ್ಲಿ ನನ್ನ ಓಟು ಹೈಬ್ರಿಡ್ ಸೈಕಲ್ಲಿಗೆ. ಹ್ಯಾಂಡಲ್ ನೇರ, ಟೈರು ತೀರಾ ದಪ್ಪವೂ ಅಲ್ಲ, ರೇಸ್ ಸೈಕಲ್ಲಿನಷ್ಟು ಸಣ್ಣವೂ ಅಲ್ಲ. ಟೈರಿನ ಮೇಲೆ 700×35 ಇಂದ 700×40 ಎಂದು ಬರೆದಿದ್ದರೆ (ಎರಡನೇ ಅಂಕಿ ಟೈರಿನ ದಪ್ಪ, ಮಿಲಿಮೀಟರಿನಲ್ಲಿ) ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗೆ. ತೂಕ ಸಾಮಾನ್ಯವಾಗಿ 12ರಿಂದ 14 ಕೆ.ಜಿ. ನಾನು ಮೊದಲು ಕೊಂಡಿದ್ದು 18 ಕೆ.ಜಿ. ಇತ್ತು. ಗೇಟು ದಾಟಿಸಿ ಮೂರು ಮೆಟ್ಟಿಲು ಎತ್ತಿಡುವಾಗ ಆ ವ್ಯತ್ಯಾಸ ದಿನವೂ ಗೊತ್ತಾಗುತ್ತಿತ್ತು. ಹೈಬ್ರಿಡ್ ಬೆಲೆ ಹೆಚ್ಚುಕಡಿಮೆ 15ರಿಂದ 30 ಸಾವಿರ.

ಕಡಿಮೆ ಬೆಲೆಯ ಸೈಕಲ್ಲಿಗೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇದ್ದರೆ ಬಿಟ್ಟುಬಿಡಿ. ನೀವು ತುಳಿದ ಶಕ್ತಿ ಸ್ವಲ್ಪ ಆ ಸ್ಪ್ರಿಂಗಿಗೇ ಹೋಗುತ್ತದೆ, ತೂಕವೂ ಜಾಸ್ತಿ. ಗುಂಡಿಯ ಏಟು ತಪ್ಪಿಸಲು ಸರಿಯಾದ ಗಾಳಿ ಇರುವ 38 ಅಥವಾ 40ರ ಟೈರೇ ಸಾಕು. ಕಾಫಿ ತೋಟದ ಮಣ್ಣುದಾರಿ, ಕಾಡಿನ ಅಂಚಿನ ಕಲ್ಲುದಾರಿ ದಿನವೂ ತುಳಿಯುವವರಿಗೆ ಮುಂದೆ ಒಂದು ಶಾಕ್ ಇರುವ ಮೌಂಟನ್ ಬೈಕ್ ಸರಿ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ನೋಡಲು ಆಸೆಯಾಗುತ್ತದೆ, ಆದರೆ ಬೆನ್ನು ಬಗ್ಗಿಸಿ ಒಂದು ಗಂಟೆ ಕೂರುವ ಅಭ್ಯಾಸ ಇಲ್ಲದವರು ಒಂದು ವರ್ಷ ಕಾಯುವುದು ಒಳ್ಳೆಯದು.

ಎಲೆಕ್ಟ್ರಿಕ್ ಸೈಕಲ್ ಬಗ್ಗೆ ತುಂಬಾ ಜನ ಹಿಂಜರಿಯುತ್ತಾರೆ, ಅದು ಮೋಸ ಮಾಡಿದ ಹಾಗೆ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಂಡಿ ಸವೆತ ಇರುವವರು, ಮಂಗಳೂರು ಮಡಿಕೇರಿಯಂಥ ಏರಿಳಿತದ ಊರಿನವರು ಮನೆಯಲ್ಲೇ ಕೂರುವ ಬದಲು ಮೋಟಾರಿನ ಸಹಾಯದಲ್ಲಿ ತುಳಿದರೆ ತಪ್ಪೇನು? ಮೋಟಾರ್ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ನಮ್ಮ ದೇಶದಲ್ಲಿ ಲೈಸೆನ್ಸು, ನೋಂದಣಿ ಬೇಡ. ತುಳಿದರೆ ಮಾತ್ರ ಸಹಾಯ ಮಾಡುವ ‘ಪೆಡಲ್ ಅಸಿಸ್ಟ್’ ಇದೆಯಾ ಎಂದು ಕೇಳಿ. ಬರೀ ಆಕ್ಸಿಲರೇಟರ್ ತಿರುಗಿಸಿ ಹೋದರೆ ವ್ಯಾಯಾಮ ಆಗುವುದಿಲ್ಲ. ಬ್ಯಾಟರಿ ಬಿಚ್ಚಿ ಒಳಗೆ ತಂದು ಚಾರ್ಜ್ ಮಾಡುವಂತಿದ್ದರೆ ಅಪಾರ್ಟ್‌ಮೆಂಟಿನವರಿಗೆ ಅನುಕೂಲ. ಬ್ಯಾಟರಿ ಮುಗಿದರೆ 20 ಕೆ.ಜಿ.ಗೂ ಮೇಲಿನ ಭಾರ ತುಳಿಯಬೇಕು ಎಂಬುದು ನೆನಪಿರಲಿ.

ಮೂರನೆಯದು: ಅಂಗಡಿಯಲ್ಲಿ ಕಾಲು ಹಾಕಿ ನೋಡಿ

ಬ್ರ್ಯಾಂಡ್, ಗೇರು ಎಷ್ಟು ಎಂಬುದಕ್ಕಿಂತ ಮುಖ್ಯ ಫ್ರೇಮಿನ ಅಳತೆ. ಗಂಡಸರ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲ್‌ವರೆಗೆ ಒಂದು ಅಡ್ಡ ಪೈಪ್ ಇರುತ್ತದಲ್ಲ, ಅದರ ಆಚೆ ಈಚೆ ಕಾಲಿಟ್ಟು ಎರಡೂ ಪಾದ ನೆಲಕ್ಕೆ ಊರಿ ನಿಲ್ಲಿ. ಪೈಪಿಗೂ ನಿಮಗೂ ಒಂದರಿಂದ ಎರಡು ಇಂಚು ಜಾಗ ಇರಬೇಕು. ಪೈಪ್ ತಾಗಿದರೆ ಆ ಸೈಕಲ್ ನಿಮ್ಮದಲ್ಲ. ಅಂದಾಜಿಗೆ, 5 ಅಡಿ 4 ಇಂಚಿನವರೆಗೆ 15-16 ಇಂಚಿನ ಫ್ರೇಮು, ಅಲ್ಲಿಂದ 5 ಅಡಿ 8 ಇಂಚಿನವರೆಗೆ 17-18, ಅದಕ್ಕೂ ಎತ್ತರದವರಿಗೆ 19ರ ಮೇಲೆ. ಆದರೆ ಒಂದೇ ಎತ್ತರದ ಇಬ್ಬರ ಕಾಲು ಒಂದೇ ಉದ್ದ ಇರುವುದಿಲ್ಲ, ನಿಂತು ನೋಡುವುದೇ ಖಾತ್ರಿ.

ಕಾಲು ಹಿಂದಕ್ಕೆ ಎತ್ತಿ ಹಾಕುವುದು ಕಷ್ಟವಾಗುವವರಿಗೆ, ಸೊಂಟ ಹಿಡಿದವರಿಗೆ, ಸೀರೆ ಉಡುವವರಿಗೆ ಅಡ್ಡ ಪೈಪ್ ಕೆಳಗಿರುವ ‘ಲೇಡೀಸ್ ಸೈಕಲ್’ ಒಳ್ಳೆಯದು. ಗಂಡಸರೂ ಸಂಕೋಚ ಬಿಟ್ಟು ಅದನ್ನೇ ತೆಗೆದುಕೊಳ್ಳಬಹುದು. ಇದ್ದಕ್ಕಿದ್ದ ಹಾಗೆ ನಿಲ್ಲಬೇಕಾದಾಗ ಬೇಗ ಇಳಿಯಲು ಅದೇ ಸುಲಭ. ಅರವತ್ತು ದಾಟಿದ ನಮ್ಮ ಮಾವನವರು ಅದನ್ನೇ ಓಡಿಸುತ್ತಾರೆ.

ಕನಿಷ್ಠ ಹತ್ತು ನಿಮಿಷ ಹೊರಗೆ ಓಡಿಸಿ ನೋಡಿ. ಅಂಗಡಿ ಮುಂದೆ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಮೊಣಕೈ ಸ್ವಲ್ಪ ಮಡಚಿರಬೇಕು, ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚುವಂತಿರಬಾರದು. ಬ್ರೇಕ್ ಲಿವರ್ ನಿಮ್ಮ ಬೆರಳಿಗೆ ಎಟುಕುತ್ತಾ ನೋಡಿ, ಕೈ ಚಿಕ್ಕದಿರುವವರಿಗೆ ಇದು ತುಂಬಾ ಮುಖ್ಯ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕಿಗೆ. ಕೆಲವು ಸೈಕಲ್ಲುಗಳಲ್ಲಿ ಉಲ್ಟಾ ಇರುತ್ತದೆ, ಹತ್ತುವ ಮೊದಲೇ ಒತ್ತಿ ನೋಡಿ.

ಬ್ರೇಕಿನ ಬಗ್ಗೆ ಒಂದು ಮಾತು. ಒಣ ಊರಿನಲ್ಲಿ ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಸಾಕು, ಮೂಲೆ ಅಂಗಡಿಯವರೂ ಸರಿ ಮಾಡುತ್ತಾರೆ. ಕರಾವಳಿ, ಮಲೆನಾಡಿನವರು ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ತೆಗೆದುಕೊಳ್ಳಿ. ರಿಮ್ ನೆಂದರೆ ವಿ-ಬ್ರೇಕ್ ಹಿಡಿಯಲು ಒಂದೆರಡು ಸುತ್ತು ತಡವಾಗುತ್ತದೆ.

ಹಳೆಯ ಸೈಕಲ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಉತ್ಸಾಹದಲ್ಲಿ ಕೊಂಡು ಆರು ತಿಂಗಳಿಗೆ ಬಿಟ್ಟವರು ತುಂಬಾ ಜನ, ಅರ್ಧ ಬೆಲೆಗೆ ಒಳ್ಳೆಯದು ಸಿಗುತ್ತದೆ. ಚಕ್ರ ಎತ್ತಿ ತಿರುಗಿಸಿ, ಬ್ರೇಕಿನ ಹತ್ತಿರ ರಿಮ್ ಅತ್ತಿತ್ತ ಆಡುತ್ತಾ ನೋಡಿ. ಪೆಡಲಿನ ತೋಳು ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಟಕಟಕ ಅಂದರೆ ಬಿ.ಬಿ. ಸೆಟ್, ಅಂದರೆ ಪೆಡಲಿನ ತೋಳುಗಳು ತಿರುಗುವ ಬೇರಿಂಗ್, ಸವೆದಿದೆ. ಪೈಪುಗಳು ಕೂಡುವ ಕಡೆ ಪೇಂಟಿನಲ್ಲಿ ಸಣ್ಣ ಬಿರುಕು ಕಂಡರೆ ಮುಟ್ಟಬೇಡಿ. ಬಿಲ್ಲು ಕೇಳಿ, ಪೆಡಲ್ ಕೂಡುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಕೊರೆದಿರುವ ನಂಬರ್ ಬಿಲ್ಲಿನ ಜೊತೆ ತಾಳೆ ನೋಡಿ.

ಹೈಬ್ರಿಡ್ ಕೊಳ್ಳುವವರು ಬೇರೆಯಾಗಿ ನಾಲ್ಕೈದು ಸಾವಿರ ಎತ್ತಿಡಿ. ಸ್ಟ್ಯಾಂಡ್, ಬೆಲ್ಲು, ಮಡ್‌ಗಾರ್ಡ್, ಕ್ಯಾರಿಯರ್ ಎಷ್ಟೋ ಸಲ ಅದರ ಜೊತೆ ಬರುವುದಿಲ್ಲ. ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಬೀಗ, ಪಂಪು ಇವು ಬೇಕೇ ಬೇಕು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ನೇರ ಕೂರಬೇಕು, ಹಿಂದಕ್ಕೆ ಜಾರಿದರೆ ಹಾಕಿಯೂ ಪ್ರಯೋಜನ ಇಲ್ಲ.

ನಾಲ್ಕನೆಯದು: ಸೀಟು

ಮನೆಗೆ ತಂದ ದಿನವೇ ಇದನ್ನು ಮಾಡಿ. ನನಗೆ ಆ ಸೈಕಲ್ ಶಾಪಿನವರು ಮಾಡಿಸಿದ್ದೇ ಇದು. ಮನೆಯಲ್ಲಿ ಹಾಕುವ ಚಪ್ಪಲಿ ಬೇಡ, ಓಡಿಸುವಾಗ ಹಾಕುವ ಶೂ ಹಾಕಿ. ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟು ಪೂರ್ತಿ ಕೆಳಕ್ಕೆ ಬಿಡಿ. ಸೊಂಟ ಒಂದು ಕಡೆ ವಾಲದೆ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ, ಅಂದರೆ ಹೆಬ್ಬೆರಳ ಬುಡದ ಉಬ್ಬು, ಪೆಡಲ್ ಮೇಲೆ ಇಡಿ. ಈಗ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಅಷ್ಟೇ ಬೇಕಾದ್ದು. ಸೀಟು ಸರಿಯಾಗಿ ಸಿಕ್ಕ ಮೇಲೆ ಪೈಪಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಯಾರಾದರೂ ಇಳಿಸಿದರೆ ಮತ್ತೆ ಅಳೆಯಬೇಕಿಲ್ಲ. ಪೈಪಿನ ಮೇಲೆ ಇಷ್ಟಕ್ಕಿಂತ ಎತ್ತಬೇಡಿ ಎಂಬ ಗುರುತು ಇರುತ್ತದೆ, ಅದನ್ನು ಮೀರಬೇಡಿ.

ಸೀಟು ಇಷ್ಟು ಎತ್ತಿದರೆ ಕೂತಲ್ಲಿಂದ ಕಾಲು ಪೂರ್ತಿ ನೆಲಕ್ಕೆ ಎಟುಕುವುದಿಲ್ಲ, ತುದಿ ಬೆರಳು ಮಾತ್ರ. ಮೊದಲು ಭಯವಾಗುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿದು ನಿಲ್ಲಬೇಕು. ಭಯ ತುಂಬಾ ಇದ್ದರೆ ಒಂದು ಇಂಚು ಕೆಳಗಿಟ್ಟು ಶುರು ಮಾಡಿ, ವಾರಕ್ಕೆ ಅರ್ಧ ಇಂಚಿನಂತೆ ಎತ್ತಿ.

ಇನ್ನು ನೋವು ಎಲ್ಲಿ ಬರುತ್ತದೆ ಎಂಬುದೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಾಗಿದೆ, ಇಲ್ಲವೇ ಭಾರದ ಗೇರಿನಲ್ಲಿ ಒದ್ದಾಡುತ್ತಿದ್ದೀರಿ. ಮಂಡಿಯ ಹಿಂದೆ ನೋವಾದರೆ ಸೀಟು ಜಾಸ್ತಿ ಎತ್ತರ. ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ತಗ್ಗಾಗಿದೆ ಅಥವಾ ದೂರ ಇದೆ. ಕೂರುವ ಮೂಳೆ ಹತ್ತು-ಹದಿನೈದು ದಿನ ನೋಯುವುದು ಸಹಜ, ಆಮೇಲೆ ಒಗ್ಗುತ್ತದೆ. ಆದರೆ ಮರಗಟ್ಟುವುದು ಸಹಜವಲ್ಲ. ಸೀಟಿನ ಮೂತಿ ಮೇಲೆದ್ದಿದೆಯಾ ನೋಡಿ, ನೆಲಕ್ಕೆ ಸಮ ಮಾಡಿ. ಮೆತ್ತನೆ ಜೆಲ್ ಕವರ್ ಕೊಳ್ಳಲು ಅವಸರ ಬೇಡ. ಮೂಳೆಗೆ ಆಸರೆ ಸಿಗದೆ ಮಾಂಸದ ಮೇಲೆ ಭಾರ ಬಿದ್ದು ಉರಿ ಜಾಸ್ತಿಯಾಗುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಸಿಗುತ್ತದೆ, ನಾನು ಅದರ ಮೇಲೆ ಉದ್ದ ಕುರ್ತಾ ಹಾಕುತ್ತೇನೆ. ದುಪಟ್ಟಾ ಮಾತ್ರ ಮನೆಯಲ್ಲೇ ಇರಲಿ. ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ.

ಐದನೆಯದು: ಮೊದಲ ಎರಡು ತಿಂಗಳು

ಗೇರು ಹಗುರ ಇರಲಿ. 15 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಹೋಗುತ್ತದೆ ಎಣಿಸಿ. 18ರಿಂದ 20 ಬಂದರೆ ಸರಿಯಾಗಿದೆ. 12ಕ್ಕೆ ಇಳಿದರೆ ಮಂಡಿಗೆ ಭಾರ ಬೀಳುತ್ತಿದೆ ಎಂದು ಅರ್ಥ, ಗೇರು ಇಳಿಸಿ. ಸಾಮಾನ್ಯವಾಗಿ ಎಡಗೈಯಲ್ಲಿ ಮುಂದಿನ ಗೇರು, ಬಲಗೈಯಲ್ಲಿ ಹಿಂದಿನದು. ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರ ಇದ್ದಾಗ ಅತಿ ಹಗುರ. ಏರು ಶುರುವಾಗುವ ಮೊದಲೇ ಬದಲಿಸಿ, ತುಳಿಯುತ್ತಲೇ ಬದಲಿಸಿ. ನಿಂತ ಸೈಕಲ್ಲಿನಲ್ಲಿ ಗೇರು ಒತ್ತಿದರೆ ಚೈನ್ ಕಳಚುತ್ತದೆ.

ವಾರಕ್ಕೆ ನಾಲ್ಕು ದಿನ, ಮೊದಲು 30 ನಿಮಿಷ, ಎರಡು ವಾರಕ್ಕೊಮ್ಮೆ 10 ನಿಮಿಷ ಜಾಸ್ತಿ. ತುಳಿಯುತ್ತಾ ಮಾತಾಡಲು ಆಗಬೇಕು, ಏದುಸಿರು ಬಂದರೆ ನಿಧಾನಿಸಿ. ಗಾಳಿ ವಾರಕ್ಕೊಮ್ಮೆ ನೋಡಿ, ಎಷ್ಟು ಬೇಕು ಎಂದು ಟೈರಿನ ಬದಿಯಲ್ಲೇ ಬರೆದಿರುತ್ತದೆ. ಈಗಿನ ಎಷ್ಟೋ ಸೈಕಲ್ಲಿಗೆ ಸ್ಕೂಟರಿನಂಥದ್ದೇ ವಾಲ್ವ್ ಇರುವುದರಿಂದ ಪೆಟ್ರೋಲ್ ಬಂಕಿನಲ್ಲೂ ಹಿಡಿಸಬಹುದು. ಆದರೆ ಬಂಕಿನವರು ಕಾರಿನ ಲೆಕ್ಕದಲ್ಲಿ 30-35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಿಡಿಸುತ್ತಾರೆ, ಹೈಬ್ರಿಡ್ ಟೈರಿಗೆ 50-60 ಬೇಕು. ಮೀಟರ್ ಇರುವ ಪಂಪ್ ಮನೆಯಲ್ಲಿದ್ದರೆ ಈ ತೊಂದರೆ ಇಲ್ಲ.

ರಸ್ತೆಯಲ್ಲಿ ನಿಂತ ಕಾರುಗಳಿಂದ ಅವುಗಳ ಬಾಗಿಲು ಪೂರ್ತಿ ತೆರೆಯುವಷ್ಟು ದೂರ ಹೋಗಿ, ಬಾಗಿಲು ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ಮೆಲ್ಲಗೆ ನಡೆದರೆ ಎಷ್ಟೋ ಸಲ ಅದು ಸುಮ್ಮನಾಗುತ್ತದೆ. ಮೈಸೂರು-ಮಂಡ್ಯ ಕಡೆಯವರಿಗೆ ಇನ್ನೊಂದು. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹಾಸಿರುತ್ತಾರೆ. ಅದರ ಮೇಲೆ ಟೈರು ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ದಾಟಿ. ನನಗೆ ಒಮ್ಮೆ ಹಿಂದಿನ ಗೇರಿಗೆ ಸುತ್ತಿದ ಹುರುಳಿ ಬಳ್ಳಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕಣ ಮಾಡುತ್ತಿದ್ದ ಅಜ್ಜಿ ಕುಡುಗೋಲು ತಂದು ಕೊಯ್ದುಕೊಟ್ಟರು.

ಹೊಸ ಸೈಕಲ್ಲನ್ನು ಒಂದು ತಿಂಗಳಿಗೆ ತಪ್ಪದೆ ಸರ್ವಿಸಿಗೆ ಕೊಡಿ. ಅಷ್ಟರಲ್ಲಿ ಗೇರಿನ, ಬ್ರೇಕಿನ ಕೇಬಲ್ ಸಡಿಲ ಆಗಿರುತ್ತವೆ, ಚಕ್ರದ ಕಡ್ಡಿಗಳನ್ನೂ ಬಿಗಿ ಮಾಡಬೇಕಾಗುತ್ತದೆ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಬಟ್ಟೆಯಲ್ಲಿ ಒರೆಸಿ, ಹೊರಗೆ ಎಣ್ಣೆ ಉಳಿದರೆ ಧೂಳು ಅಂಟುತ್ತದೆ.

ಬೆಟ್ಟ ಕರೆದಾಗ

ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಬೆಂಗಳೂರಿನವರಿಗೆ ನಂದಿ. ಎರಡು ತಿಂಗಳಿಗೇ ಆಸೆ ಬರುತ್ತದೆ. ಆರು ತಿಂಗಳು ತಡೆಯಿರಿ. ಅದಕ್ಕೂ ಮೊದಲು ಶ್ರೀರಂಗಪಟ್ಟಣದವರೆಗೆ ಹೋಗಿ ಬಂದು, ಮರುದಿನ ಮಂಡಿ ಏನು ಹೇಳುತ್ತದೆ ನೋಡಿ. ಬೆಟ್ಟಕ್ಕೆ ಹೋಗುವ ದಿನ ತಿಂಡಿ ಸ್ವಲ್ಪ, ಒಂದು ಬಾಳೆಹಣ್ಣು, ಎರಡು ಬಾಟಲಿ ನೀರು. ಅತಿ ಹಗುರ ಗೇರಿನಲ್ಲಿ ಹತ್ತಿ, ಸಾಕಾದಲ್ಲಿ ಇಳಿದು ತಳ್ಳಿ. ನಾನು ಮೊದಲ ಸಲ ಮೂರು ಕಡೆ ತಳ್ಳಿದ್ದೆ.

ಹತ್ತುವುದಕ್ಕಿಂತ ಇಳಿಯುವುದರಲ್ಲೇ ಎಚ್ಚರ ಜಾಸ್ತಿ ಬೇಕು. ಬ್ರೇಕನ್ನು ಹಿಡಿದೇ ಇರಬೇಡಿ. ಎರಡೂ ಕೈಯಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ. ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಿ, ತಿರುವಿನ ಒಳಗೆ ಬ್ರೇಕ್ ಬೇಡ. ಬಸ್ಸು ಹಿಂದೆ ಬಂದರೆ ಎಡಕ್ಕೆ ಸರಿದು ನಿಂತು ಮುಂದೆ ಬಿಡಿ. ಕೆಳಗೆ ಬಂದು ಎಳನೀರು ಕುಡಿಯಲು ನಿಂತಾಗ ರಿಮ್ಮನ್ನಾಗಲಿ ಡಿಸ್ಕನ್ನಾಗಲಿ ಮುಟ್ಟಬೇಡಿ, ಕೈ ಸುಡುವಷ್ಟು ಕಾದಿರುತ್ತದೆ.